ಸೂರ್ಯನಿಗೆ ಹಿಡಿದ ಕನ್ನಡಿ

ಬೇಸಿಗೆಯ ರಜೆಗೆಂದು ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಮುಂಬಯಿಯಿಂದ ಊರಿಗೆ ಹೊರಡುವ ನಮ್ಮಲ್ಲಿ ಅನೇಕರಿಗೆ ಹೋಟಗಿ ಜಂಕ್ಷನ್ ಪರಿಚಿತವಾದದ್ದೇ. ಗಾಡಿ ಅಲ್ಲಿ ನಿಂತಾಗ ಬಾಗಿಲ ಬಳಿ ಬಂದು ವಿಜಯಪುರದ ದಿಕ್ಕಿಗೆ ಕಣ್ಣು ಹಾಯಿಸಿದರೆ, ಮೇ ತಿಂಗಳ ಬಿಸಿಲಿನಲ್ಲಿ ಹಳಿಗಳ ಮೇಲಿನ ಗಾಳಿ ನೀರಿನಂತೆ ತಳತಳಿಸುತ್ತಿರುತ್ತದೆ. ದೂರದ ಸಿಗ್ನಲ್ ಕಂಬ ಹಾವಿನ ಹಾಗೆ ಬಳುಕುತ್ತದೆ. ನಮ್ಮ ಹಿರಿಯರು ಇದಕ್ಕೆ ಬಿಸಿಲುಗುದುರೆ ಎಂದು ಸೊಗಸಾದ ಹೆಸರಿಟ್ಟರು. ನಿಜಕ್ಕೂ ಬಳುಕುವುದು ಕಂಬವಲ್ಲ. ನಮಗೂ ಕಂಬಕ್ಕೂ ನಡುವೆ ಇರುವ ಗಾಳಿ. ಕಾದ ನೆಲದಿಂದ ಬಿಸಿಗಾಳಿ ಮೇಲೇಳುತ್ತದೆ, ತಂಪುಗಾಳಿ ಕೆಳಗಿಳಿಯುತ್ತದೆ. ಎರಡರಲ್ಲೂ ಬೆಳಕು ಬಾಗುವ ಪ್ರಮಾಣ ಬೇರೆ ಬೇರೆ. ಆದ್ದರಿಂದ ಬೆಳಕಿನ ಕಿರಣ ನೆಟ್ಟಗೆ ಬರದೆ ಓಲಾಡುತ್ತ ಬರುತ್ತದೆ.

ರೈಲುಹಳಿಯ ಮೇಲೆ ಕುಣಿಯುವ ಈ ಕುದುರೆಯನ್ನು ನೋಡುವುದು ಚೆಂದ. ಅದೇ ಕುದುರೆ ದೊಡ್ಡದೊಂದು ದೂರದರ್ಶಕದ ಕನ್ನಡಿಯ ಮೇಲೆದ್ದು ಕುಣಿಯತೊಡಗಿದರೆ ಏನಾದೀತು? ಸೂರ್ಯನನ್ನು ಅಭ್ಯಾಸ ಮಾಡುವ ಖಗೋಳಶಾಸ್ತ್ರಜ್ಞರು ನೂರಿಪ್ಪತ್ತು ವರ್ಷಗಳಿಂದ ಸೆಣಸುತ್ತಿರುವುದು ಇದರೊಡನೆಯೇ. ಅದಕ್ಕೆ ಕಡಿವಾಣ ಹಾಕಿದ ಕಥೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಬೆಳಕೇ ವೈರಿ

ರಾತ್ರಿಯ ಹೊತ್ತು ನಕ್ಷತ್ರಗಳನ್ನು ನೋಡುವವರಿಗೆ ಬೆಳಕಿನ ಬಡತನ. ಎಲ್ಲೋ ದೂರದಿಂದ ಬಂದ ಮಿಣುಕು ಬೆಳಕನ್ನು ಕೂಡಿಹಾಕುವುದೇ ಅವರ ಪಾಡು. ಸೂರ್ಯನನ್ನು ನೋಡುವವರ ಕಷ್ಟ ಇದಕ್ಕೆ ವಿರುದ್ಧವಾದದ್ದು. ಅವರಿಗೆ ಬೆಳಕು ಹೊರಲಾರದಷ್ಟು. ನಿರಭ್ರ ಆಕಾಶವಿದ್ದಾಗ ಒಂದು ಚದರ ಮೀಟರ್ ಜಾಗದ ಮೇಲೆ ಸೂರ್ಯನಿಂದ ಸುಮಾರು 1 ಕಿಲೋವಾಟ್ ಶಕ್ತಿ ಬೀಳುತ್ತದೆ. 4 ಮೀಟರ್ ವ್ಯಾಸದ ಕನ್ನಡಿಯಾದರೆ 13 ಕಿಲೋವಾಟಿನಷ್ಟಾಯಿತು. ಕನ್ನಡಿಗೆ ಲೇಪಿಸುವ ಅಲ್ಯುಮಿನಿಯಂ ಇದರಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಪ್ರತಿಫಲಿಸಿ, ಉಳಿದ ಒಂದು ಪಾಲನ್ನು ತಾನೇ ಹೀರಿಕೊಳ್ಳುತ್ತದೆ. ಎಂದರೆ, ಇಸ್ತ್ರಿಪೆಟ್ಟಿಗೆಯೊಂದನ್ನು ಹಗಲಿಡೀ ಕನ್ನಡಿಯ ಮೈಮೇಲೆ ಉರಿಸಿಟ್ಟಂತೆ.

ಇದರಿಂದ ಎರಡು ಬಗೆಯ ಕೇಡು. ಮೊದಲನೆಯದು, ಕಾದ ಗಾಜು ಹಿಗ್ಗುತ್ತದೆ. ಮುಂಭಾಗ ಹೆಚ್ಚು ಕಾಯ್ದು ಹಿಂಭಾಗ ತಂಪಾಗಿದ್ದರೆ ಕನ್ನಡಿ ಸೊಟ್ಟಗಾಗುತ್ತದೆ. ಬೆಳಕಿನ ಅಲೆಯ ಉದ್ದದ ಸಣ್ಣದೊಂದು ಅಂಶದಷ್ಟೂ ತಪ್ಪಿಲ್ಲದಂತೆ ತಿಂಗಳುಗಟ್ಟಲೆ ಉಜ್ಜಿ ತೀಡಿದ ಮೈ ಅರ್ಧ ಗಂಟೆಯ ಬಿಸಿಲಿಗೆ ಕೆಟ್ಟುಹೋಗುತ್ತದೆ. ಎರಡನೆಯದು, ಕಾದ ಕನ್ನಡಿ ತನ್ನ ಮುಂದಿನ ಗಾಳಿಯನ್ನೂ ಕಾಯಿಸುತ್ತದೆ. ಅಲ್ಲಿ ಬಿಸಿಲುಗುದುರೆ ಏಳುತ್ತದೆ. ಒಂದು ಮೀಟರಿನಷ್ಟು ಗಾಳಿಯಲ್ಲಿ ಒಂದೇ ಒಂದು ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಾದರೂ ಬೆಳಕಿನ ಅಲೆ ಸುಮಾರು ಒಂದು ಮೈಕ್ರಾನಿನಷ್ಟು, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ಹಿಂದುಮುಂದಾಗುತ್ತದೆ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದವೇ ಅರ್ಧ ಮೈಕ್ರಾನ್. ಆ ಒಂದು ಡಿಗ್ರಿ ಚಿತ್ರವನ್ನು ಕಲಸಿಹಾಕಲು ಧಾರಾಳವಾಗಿ ಸಾಕು.

ಮೊದಲನೆಯ ಕೇಡನ್ನು ಜನ ಬೇಗ ಗುರುತಿಸಿದರು. ಎರಡನೆಯದರ ಪೂರ್ಣ ಗುಟ್ಟು ಕೈಗೆ ಸಿಗಲು ಬಹಳ ಕಾಲ ಹಿಡಿಯಿತು.

ಮರ ಹತ್ತಿದ ವಿಜ್ಞಾನಿ

ಕಥೆ ಅಮೆರಿಕದ ಜಾರ್ಜ್ ಎಲರಿ ಹೇಲ್ ಅವರಿಂದ ಆರಂಭವಾಗುತ್ತದೆ. ಷಿಕಾಗೋದಲ್ಲಿ 1868ರಲ್ಲಿ ಹುಟ್ಟಿದ ಹೇಲ್ ಅವರಿಗೆ ಚಿಕ್ಕಂದಿನಿಂದ ಸೂರ್ಯನ ಹುಚ್ಚು. 1904ರಲ್ಲಿ ಅವರು ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್ ಬೆಟ್ಟದ ಮೇಲೆ ಸೌರ ವೀಕ್ಷಣಾಲಯವನ್ನು ಸ್ಥಾಪಿಸಿದರು. ಅಲ್ಲಿ ಹೂಡಿದ ಮೊದಲ ಉಪಕರಣ ಸ್ನೋ ದೂರದರ್ಶಕ. ಹಿಮಕ್ಕೂ ಇದಕ್ಕೂ ಸಂಬಂಧವಿಲ್ಲ. ದಾನ ಕೊಟ್ಟ ಮಹಿಳೆಯ ಮನೆತನದ ಹೆಸರು ಸ್ನೋ. ಸೂರ್ಯನ ಚಲನೆಯನ್ನು ಅನುಸರಿಸಿ ತಿರುಗುವ ಚಪ್ಪಟೆ ಕನ್ನಡಿಯೊಂದು ಬೆಳಕನ್ನು ಹಿಡಿದು, ನೆಲಕ್ಕೆ ಸಮಾನಾಂತರವಾಗಿ ಉದ್ದನೆಯ ಮನೆಯೊಳಕ್ಕೆ ಕಳುಹಿಸುತ್ತಿತ್ತು. ಒಳಗಿನ ನಿಮ್ನದರ್ಪಣ ಅದನ್ನು ಕೂಡಿಸಿ ಸೂರ್ಯನ ಬಿಂಬವನ್ನು ಮೂಡಿಸುತ್ತಿತ್ತು.

ಬೆಳಗಿನ ಹೊತ್ತು, ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿನಲ್ಲಿ, ಬಿಂಬ ಸ್ಫುಟವಾಗಿ ಕಾಣುತ್ತಿತ್ತು. ಬಿಸಿಲೇರಿದಂತೆ ಕೆಡತೊಡಗುತ್ತಿತ್ತು. ಕನ್ನಡಿಗಳು ಕಾಯ್ದು ಬಿಂಬ ಮೂಡುವ ಜಾಗವೇ ಹಿಂದೆ ಮುಂದೆ ಸರಿಯುತ್ತಿತ್ತು. ಹೇಲ್ ಕೈಲಾದ ಉಪಾಯಗಳನ್ನೆಲ್ಲ ಹೂಡಿದರು. ಛಾಯಾಚಿತ್ರ ತೆಗೆಯುವ ಸಮಯ ಬಿಟ್ಟು ಉಳಿದ ಹೊತ್ತು ಕನ್ನಡಿಗಳಿಗೆ ನೆರಳು ಹಿಡಿದರು. ವಿದ್ಯುತ್ ಪಂಖಗಳಿಂದ ಕನ್ನಡಿಯ ಮೈಗೆ ಗಾಳಿ ಬೀಸಿದರು. ಗುಣವೇನೋ ಕಂಡಿತು; ಪೂರ್ತಿ ನೀಗಲಿಲ್ಲ. ಕನ್ನಡಿಗೆ ಬೀಸಣಿಗೆ ಬೀಸಿದ ಈ ಚಿಕ್ಕ ಸಂಗತಿಯನ್ನು ವಾಚಕರು ನೆನಪಿಡಬೇಕು. ಕಥೆಯ ಕೊನೆಯಲ್ಲಿ ಅದು ಮತ್ತೆ ಬರಲಿದೆ.

ಇನ್ನೊಂದು ತೊಂದರೆ ನೆಲದ ಕಾವು. ಬೆಳಕು ನೆಲಕ್ಕೆ ಹತ್ತಿರವಾಗಿಯೇ ಹಾದುಬರಬೇಕಿತ್ತಲ್ಲ! ನೆಲದಿಂದ ಮೇಲೆ ಹೋದಂತೆ ಗಾಳಿ ಎಷ್ಟು ಶಾಂತವಾಗಿರುತ್ತದೆ ಎಂದು ನೋಡಲು ಹೇಲ್ ಸಣ್ಣ ದೂರದರ್ಶಕವನ್ನು ಹಿಡಿದು ಬೆಟ್ಟದ ಎತ್ತರದ ಪೈನ್ ಮರವನ್ನೇ ಹತ್ತಿದರು. ಎತ್ತರ ಹೆಚ್ಚಿದಂತೆ ಬಿಂಬ ಸುಧಾರಿಸುತ್ತದೆಂದು ತಿಳಿಯಿತು. ಅಲ್ಲಿಂದ ಹುಟ್ಟಿದ್ದು ಗೋಪುರ ದೂರದರ್ಶಕದ ಕಲ್ಪನೆ. ಕನ್ನಡಿಗಳನ್ನು 60 ಅಡಿ ಎತ್ತರದ ಉಕ್ಕಿನ ಗೋಪುರದ ತುದಿಯಲ್ಲಿಟ್ಟು, ಬೆಳಕನ್ನು ನೆಟ್ಟಗೆ ಕೆಳಗಿಳಿಸಿ, ಅದರ ಬಣ್ಣಗಳನ್ನು ಬಿಡಿಸಿ ನೋಡುವ ರೋಹಿತದರ್ಶಕವನ್ನು ನೆಲದೊಳಗಿನ ಬಾವಿಯಲ್ಲಿಟ್ಟರು. ಬಾವಿಯೊಳಗೆ ಹಗಲಿರುಳು ಒಂದೇ ಹದದ ತಂಪು. ಇನ್ನು ಕನ್ನಡಿಗಳು ಸೊಟ್ಟಗಾಗಬಾರದೆಂದು ಅವುಗಳನ್ನು 12 ಅಂಗುಲ ದಪ್ಪಕ್ಕೆ ಮಾಡಿಸಿದರು. ನೋಡಿದವರಿಗೆ ಅವು ಕನ್ನಡಿಗಿಂತ ಹೆಚ್ಚಾಗಿ ಗಾಜಿನ ದಿಮ್ಮಿಗಳಂತೆ ಕಂಡಿರಬೇಕು.

ಶ್ರಮ ವ್ಯರ್ಥವಾಗಲಿಲ್ಲ. 1908ರ ಜೂನ್‌ನಲ್ಲಿ ಇದೇ ಗೋಪುರದ ನೆರವಿನಿಂದ ಹೇಲ್, ಸೂರ್ಯನ ಮೇಲಿನ ಕಪ್ಪು ಕಲೆಗಳಲ್ಲಿ ಬಲವಾದ ಕಾಂತಕ್ಷೇತ್ರವಿದೆ ಎಂದು ಕಂಡುಹಿಡಿದರು. ಕಾಂತಕ್ಷೇತ್ರದಲ್ಲಿ ರೋಹಿತದ ಗೆರೆಗಳು ಸೀಳುತ್ತವೆಂದು ಹಾಲೆಂಡಿನ ಜೀಮನ್ 1896ರಲ್ಲಿ ಪ್ರಯೋಗಶಾಲೆಯಲ್ಲಿ ತೋರಿಸಿದ್ದರು. ಆ ಸೀಳನ್ನೇ ಹೇಲ್ ಸೂರ್ಯನಲ್ಲಿ ಕಂಡರು. ಭೂಮಿಯ ಹೊರಗೆ ಕಾಂತಕ್ಷೇತ್ರವೊಂದು ಮನುಷ್ಯನಿಗೆ ಕಂಡುಬಂದದ್ದು ಅದೇ ಮೊದಲು. ಬಿಂಬ ಓಲಾಡುತ್ತಿದ್ದರೆ ಆ ಸಣ್ಣ ಸೀಳು ಕಲಸಿಹೋಗಿ ಕನ್ನಡಿಯೊಳಗಿನ ಗಂಟಾಗಿಯೇ ಉಳಿಯುತ್ತಿತ್ತು. 1912ರ ಹೊತ್ತಿಗೆ ಪಕ್ಕದಲ್ಲೇ 150 ಅಡಿಯ ಇನ್ನೊಂದು ಗೋಪುರ ಎದ್ದಿತು. ಗಾಳಿಗೆ ಅಲುಗಬಾರದೆಂದು ಅದನ್ನು ಗೋಪುರದೊಳಗೊಂದು ಗೋಪುರವಾಗಿ ಕಟ್ಟಿದ್ದರು.

ಕೊಡೈಕಾನಲ್‌ನ ಸುರಂಗ

ಅದೇ ಕಾಲದಲ್ಲಿ ನಮ್ಮ ದೇಶದಲ್ಲೂ ಸೂರ್ಯನ ಅಭ್ಯಾಸ ನಡೆದಿತ್ತು. ತಮಿಳುನಾಡಿನ ಪಳನಿ ಬೆಟ್ಟಗಳಲ್ಲಿ 2,300 ಮೀಟರಿಗೂ ಮೇಲಿರುವ ಕೊಡೈಕಾನಲ್ ವೀಕ್ಷಣಾಲಯದಲ್ಲಿ ಜಾನ್ ಎವರ್ಷೆಡ್, 1909ರ ಜನವರಿಯಲ್ಲಿ ಸೂರ್ಯಕಲೆಗಳ ಅಂಚಿನಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದರು. ಇಂದಿಗೂ ಅದು ಅವರ ಹೆಸರಿನಿಂದಲೇ ಪ್ರಸಿದ್ಧ. ಒಳ್ಳೆಯ ಗಾಳಿಯನ್ನು ಹುಡುಕುವುದರಲ್ಲಿ ಅವರು ಎಂಥ ಛಲಗಾರರೆಂದರೆ, 1915ರ ಸುಮಾರಿಗೆ ಉಪಕರಣಗಳನ್ನು ಹೊತ್ತು ಕಾಶ್ಮೀರದ ಕಣಿವೆಗೂ ಹೋಗಿ ಪರೀಕ್ಷೆ ನಡೆಸಿದ್ದರು.

1960ರ ಸುಮಾರಿಗೆ ಕೊಡೈಕಾನಲ್‌ನಲ್ಲಿ ಸುರಂಗ ದೂರದರ್ಶಕ ಸಿದ್ಧವಾಯಿತು. ಇಲ್ಲಿ ಹೇಲ್ ಅವರ ಪಾಠಗಳನ್ನೆಲ್ಲ ಒಂದುಗೂಡಿಸಿದ್ದರು. 11 ಮೀಟರ್ ಎತ್ತರದ ಗೋಪುರದ ಮೇಲೆ 60 ಸೆಂಟಿಮೀಟರ್ ಅಗಲದ ಚಪ್ಪಟೆ ಕನ್ನಡಿಗಳು. ಅವು ಸಾಮಾನ್ಯ ಗಾಜಿನವಲ್ಲ. ಕಾಯ್ದರೂ ತೀರ ಕಡಿಮೆ ಹಿಗ್ಗುವ ಕರಗಿಸಿದ ಸ್ಫಟಿಕದವು. ಅಲ್ಲಿಂದ ಬೆಳಕು ಕೆಳಗಿಳಿದು 60 ಮೀಟರ್ ಉದ್ದದ ನೆಲಮಾಳಿಗೆಯ ಸುರಂಗದೊಳಗೆ ಸಾಗುತ್ತದೆ. ಅಲ್ಲಿ 38 ಸೆಂಟಿಮೀಟರಿನ ಮಸೂರವೊಂದು 34 ಸೆಂಟಿಮೀಟರ್ ಅಗಲದ, ಊಟದ ತಟ್ಟೆಗಿಂತ ದೊಡ್ಡದಾದ ಸೂರ್ಯಬಿಂಬವನ್ನು ಮೂಡಿಸುತ್ತದೆ. ಈ ವೀಕ್ಷಣಾಲಯವೇ 1971ರಲ್ಲಿ ಭಾರತೀಯ ಖಭೌತ ಸಂಸ್ಥೆ ಎಂಬ ಸ್ವಾಯತ್ತ ಸಂಸ್ಥೆಯಾಗಿ ಬೆಳೆದು, ವೈನು ಬಾಪು ಅವರ ನೇತೃತ್ವದಲ್ಲಿ ತನ್ನ ಮುಖ್ಯಾಲಯವನ್ನು ಬೆಂಗಳೂರಿಗೆ ತಂದಿತು. ಕೋರಮಂಗಲದಲ್ಲಿ ನಮ್ಮ ಬಂಧುಬಳಗವಿರುವವರು ಅದರ ಗೇಟಿನ ಮುಂದೆ ಎಷ್ಟೋ ಸಲ ಹಾದುಹೋಗಿರಬಹುದು.

ಗೋಡೆ ತಣಿಸಿದವರು, ಗಾಳಿ ಹೊರದೂಡಿದವರು

ದೂರದರ್ಶಕ ದೊಡ್ಡದಾದಂತೆ ಕಾವಿನ ಪೀಡೆಯೂ ದೊಡ್ಡದಾಯಿತು. 1962ರಲ್ಲಿ ಅರಿಜೋನಾದ ಕಿಟ್ ಪೀಕ್ ಬೆಟ್ಟದ ಮೇಲೆ ಮ್ಯಾಕ್‌ಮ್ಯಾತ್ ಸೌರ ದೂರದರ್ಶಕದ ಉದ್ಘಾಟನೆಯಾಯಿತು. ಹಲವು ದಶಕಗಳ ಕಾಲ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಸೌರ ದೂರದರ್ಶಕವಿರಲಿಲ್ಲ. 100 ಅಡಿ ಎತ್ತರದ ಗೋಪುರದ ಮೇಲೆ 2 ಮೀಟರ್ ಅಗಲದ ಕನ್ನಡಿ. ಅಲ್ಲಿಂದ ಓರೆಯಾಗಿ ಇಳಿಯುವ 500 ಅಡಿಯ ಮಾರ್ಗ. ಅದರಲ್ಲಿ 300 ಅಡಿ ಬೆಟ್ಟದ ಒಡಲೊಳಗೆ. ಮೇಲಿನ ಭಾಗಕ್ಕೆ ಬಿಸಿಲು ತಗಲಿ ಒಳಗಿನ ಗಾಳಿ ಕಾಯಬಾರದೆಂದು ಹೊರಮೈಗೆಲ್ಲ ತಾಮ್ರದ ಹೊದಿಕೆ ಹೊದಿಸಿ, ಅದರ ಕೊಳವೆಗಳಲ್ಲಿ ತಣ್ಣನೆಯ ದ್ರವವನ್ನು ಹರಿಸಿದರು. ಮೋಟಾರುಗಾಡಿಯ ಎಂಜಿನ್ನಿಗೆ ರೇಡಿಯೇಟರ್ ಇರುವಂತೆ ಇಲ್ಲಿ ಇಡೀ ಕಟ್ಟಡವೇ ರೇಡಿಯೇಟರ್. ಆದರೂ ಒಳಗೆ ಗಾಳಿಯಿತ್ತು; ಗಾಳಿಯಿದ್ದಲ್ಲಿ ಅಲುಗಾಟವೂ ಇತ್ತು.

ಹಾಗಾದರೆ ಗಾಳಿಯೇ ಇಲ್ಲದಂತೆ ಮಾಡಿದರೆ? ನ್ಯೂ ಮೆಕ್ಸಿಕೋದ ಸ್ಯಾಕ್ರಮೆಂಟೋ ಪೀಕ್‌ನಲ್ಲಿ ರಿಚರ್ಡ್ ಡನ್ ಅವರು 1969ರಲ್ಲಿ ಪೂರೈಸಿದ ನಿರ್ವಾತ ಗೋಪುರ ಈ ಪ್ರಶ್ನೆಗೆ ಉತ್ತರ. ನೆಲದ ಮೇಲೆ 41 ಮೀಟರ್, ನೆಲದೊಳಗೆ ಅದಕ್ಕಿಂತಲೂ ಹೆಚ್ಚು ಆಳ. ಒಳಗಿನ ಭಾರಿ ಕೊಳವೆಯಿಂದ ಗಾಳಿಯನ್ನು ಹೀರಿ ತೆಗೆದು, ಬೆಳಕು ಬರುವ ಬಾಯಿಗೆ 76 ಸೆಂಟಿಮೀಟರಿನ ಗಾಜಿನ ಕಿಟಕಿ ಕೂರಿಸಿದರು. ಕನ್ನಡಿ ಎಷ್ಟೇ ಕಾಯಲಿ, ಅದರ ಮುಂದೆ ಕುಣಿಯಲು ಗಾಳಿಯೇ ಇಲ್ಲ! ಇನ್ನೂರು ಟನ್ನಿಗೂ ಮಿಕ್ಕಿದ ತೂಕದ ಈ ಯಂತ್ರ ಪಾದರಸದ ಮೇಲೆ ತೇಲುತ್ತ ನಿಧಾನವಾಗಿ ತಿರುಗುವುದು ಇನ್ನೊಂದು ವಿಶೇಷ. ಮುಂದೆ ಅಟ್ಲಾಂಟಿಕ್ ಸಾಗರದ ಕೆನೆರಿ ದ್ವೀಪಗಳಲ್ಲಿ ಯುರೋಪಿನವರು ಇದೇ ಮಾರ್ಗ ಹಿಡಿದರು. ಅಲ್ಲಿನ ಲಾ ಪಾಲ್ಮಾ ದ್ವೀಪದಲ್ಲಿ 2002ರಲ್ಲಿ ಸ್ವೀಡನ್ನಿನವರು ನಿಲ್ಲಿಸಿದ ದೂರದರ್ಶಕದಲ್ಲಿ, ಸುಮಾರು ಒಂದು ಮೀಟರ್ ಅಗಲದ ಮಸೂರವೇ ನಿರ್ವಾತ ಕೊಳವೆಗೆ ಮುಚ್ಚಳವೂ ಹೌದು.

ಆದರೆ ಈ ದಾರಿ ಒಂದು ಮೀಟರಿಗೆ ಬಂದು ನಿಂತಿತು. ಹೊರಗೆ ವಾತಾವರಣದ ಒತ್ತಡ, ಒಳಗೆ ಶೂನ್ಯ. ಸಮುದ್ರಮಟ್ಟದಲ್ಲಿ ಒಂದು ಮೀಟರ್ ವ್ಯಾಸದ ಕಿಟಕಿಯ ಮೇಲೆ ಬೀಳುವ ಭಾರ ಸುಮಾರು 8 ಟನ್. ಬೆಟ್ಟದ ಮೇಲೆ ತುಸು ಕಡಿಮೆ. ಕಿಟಕಿಯನ್ನು ಅಗಲ ಮಾಡಿದರೆ ಗಾಜನ್ನು ದಪ್ಪ ಮಾಡಬೇಕು. ದಪ್ಪ ಮಾಡಿದರೆ ಗಾಜೇ ಬಿಸಿಲಿಗೆ ಕಾಯ್ದು ಬಿಂಬ ಕೆಡಿಸುತ್ತದೆ. ನಿರ್ವಾತದ ಬದಲು ಹೀಲಿಯಂ ಅನಿಲ ತುಂಬಿದರಾದೀತೆ ಎಂದು ಹಲವು ದೇಶಗಳು ಸೇರಿ 1980ರ ದಶಕದಲ್ಲಿ 2.4 ಮೀಟರಿನ ದೂರದರ್ಶಕವೊಂದನ್ನು ಯೋಜಿಸಿದ್ದುಂಟು. ಅದು ಕಾಗದದ ಮೇಲೆಯೇ ಉಳಿಯಿತು.

ಮತ್ತೆ ಗಾಳಿಗೆ ಬಾಗಿಲು

ಈ ಇಕ್ಕಟ್ಟಿನಲ್ಲಿ ಹಾಲೆಂಡಿನ ಉಟ್ರೆಕ್ಟ್‌ನವರು ತೀರ ವಿರುದ್ಧ ದಿಕ್ಕಿಗೆ ಹೊರಟರು. ರಾಬ್ ಹ್ಯಾಮರ್‌ಶ್ಲಾಗ್ ಅವರು 1997ರಲ್ಲಿ ಲಾ ಪಾಲ್ಮಾದಲ್ಲಿ ನಿಲ್ಲಿಸಿದ ದೂರದರ್ಶಕಕ್ಕೆ ಕೊಳವೆಯಿಲ್ಲ, ಕಿಟಕಿಯಿಲ್ಲ, ಕೆಲಸದ ಹೊತ್ತಿನಲ್ಲಿ ಗುಮ್ಮಟವೂ ಇಲ್ಲ. ಚೌಕಟ್ಟಿನಂತಿರುವ 15 ಮೀಟರ್ ಗೋಪುರದ ತುದಿಯಲ್ಲಿ 45 ಸೆಂಟಿಮೀಟರಿನ ಕನ್ನಡಿ ಬಯಲಿಗೆ ಮೈಯೊಡ್ಡಿ ನಿಂತಿರುತ್ತದೆ. ಸಾಗರದ ಮೇಲಿಂದ ಒಂದೇ ಸಮನೆ ಬೀಸುವ ವಾಣಿಜ್ಯ ಮಾರುತ ಕನ್ನಡಿಯ ಮುಂದೆ ಬಿಸಿಗಾಳಿ ನಿಲ್ಲಗೊಡದೆ ಗುಡಿಸಿಕೊಂಡು ಹೋಗುತ್ತದೆ. ಗಾಳಿಗೆ ಅಲುಗದಂತೆ ಚೌಕಟ್ಟನ್ನು ಬಿಗಿಯಾಗಿ ಕಟ್ಟುವುದಷ್ಟೇ ಕೌಶಲ. ಕನ್ನಡಿ ಚಿಕ್ಕದಾದರೂ ಚಿತ್ರಗಳು ಅತ್ಯುತ್ತಮವಾಗಿ ಬಂದವು. ಹೇಲ್ ಅವರ ಪಂಖದ ಕೆಲಸವನ್ನು ಇಲ್ಲಿ ವಾಯುದೇವನೇ ವಹಿಸಿಕೊಂಡಿದ್ದ.

ಇಲ್ಲಿಗೆ ಎರಡನೆಯ ಕೇಡಿನ ಗುಟ್ಟು ಬಯಲಾಯಿತೆನ್ನಬಹುದು. ಗಾಳಿಯೂ ವೈರಿಯಲ್ಲ, ಕಾವೂ ವೈರಿಯಲ್ಲ. ಕನ್ನಡಿಗೂ ಅದರ ಸುತ್ತಣ ಗಾಳಿಗೂ ನಡುವಣ ವ್ಯತ್ಯಾಸ ವೈರಿ. ಗಾಳಿ 15 ಡಿಗ್ರಿಯಿದ್ದು ಕನ್ನಡಿಯೂ 15 ಡಿಗ್ರಿಯಿದ್ದರೆ ಬಿಸಿಲುಗುದುರೆಗೆ ಅಲ್ಲಿ ಕೆಲಸವಿಲ್ಲ. ಗಾಳಿ 25ಕ್ಕೇರಿದಾಗ ಕನ್ನಡಿಯೂ 25ಕ್ಕೇರಬೇಕು, ಅದಕ್ಕಿಂತ ಮುಂದೆ ಹೋಗಬಾರದು. ಹಾಗೆಂದು ತೀರ ತಣಿಸಿಬಿಟ್ಟರೂ ಆಗದು. ತಂಪುನೀರು ತುಂಬಿದ ತಂಬಿಗೆಯ ಹೊರಮೈ ಬೆವರುವುದಿಲ್ಲವೇ? ಹಾಗೆಯೇ ಕನ್ನಡಿಯ ಮೇಲೂ ಇಬ್ಬನಿ ಕೂತೀತು.

ಇಷ್ಟರೊಳಗೆ ಗಾಜಿನ ಶಾಸ್ತ್ರವೂ ಮುಂದುವರಿದಿತ್ತು. 1934ರಲ್ಲಿ ಪಾಲೊಮಾರ್‌ನ 200 ಅಂಗುಲದ ಕನ್ನಡಿಗೆ ಪೈರೆಕ್ಸ್ ಗಾಜು ಎರೆದರು. ನಮ್ಮ ಅಡುಗೆಮನೆಗಳಲ್ಲಿ ಬಿಸಿಗೆ ಒಡೆಯದ ಗಾಜಿನ ಪಾತ್ರೆಗಳಿವೆಯಲ್ಲ, ಅದೇ ಜಾತಿ. ಜರ್ಮನಿಯ ಷಾಟ್ ಕಂಪನಿ 1968ರಲ್ಲಿ ಜೆರೋಡುರ್ ಎಂಬ ಗಾಜುಪಿಂಗಾಣಿಯನ್ನು ತಯಾರಿಸಿತು. ಕಾಯಿಸಿದರೂ ತಣಿಸಿದರೂ ಅದು ಹಿಗ್ಗದು, ಕುಗ್ಗದು ಎನ್ನುವಷ್ಟು ಸ್ಥಿರ. ಹೇಲ್ ಅವರನ್ನು ಕಾಡಿದ ಮೊದಲನೆಯ ಕೇಡು ಇದರಿಂದ ಬಹುಮಟ್ಟಿಗೆ ನೀಗಿತು. ಆದರೆ ಜೆರೋಡುರ್‌ನಲ್ಲಿ ಶಾಖ ಬೇಗ ಹರಿಯುವುದಿಲ್ಲ. ದಪ್ಪವಾಗಿದ್ದರೆ ಮುಂಭಾಗದ ಕಾವು ಹಿಂಭಾಗ ತಲುಪಿ ಹೊರಹೋಗುವಷ್ಟರಲ್ಲಿ ಹೊತ್ತು ಕಳೆದಿರುತ್ತದೆ. ಆದ್ದರಿಂದ ಹೊಸ ಕಾಲದ ಕನ್ನಡಿ ತೆಳ್ಳಗಿರಬೇಕು. ಹೇಲ್ ಕನ್ನಡಿಯನ್ನು ದಪ್ಪ ಮಾಡಿ ಉಳಿಸಿಕೊಂಡರು. ಅವರ ಉತ್ತರಾಧಿಕಾರಿಗಳು ತೆಳ್ಳಗೆ ಮಾಡಿ ಉಳಿಸಿಕೊಂಡರು.

ಕೆನೆರಿ ದ್ವೀಪಗಳಲ್ಲೊಂದಾದ ಟೆನೆರಿಫೆಯಲ್ಲಿ ಜರ್ಮನರು ಕಟ್ಟಿದ, 2012ರಲ್ಲಿ ಉದ್ಘಾಟನೆಗೊಂಡ 1.5 ಮೀಟರಿನ ಗ್ರೆಗೊರ್ ದೂರದರ್ಶಕದ ಅನುಭವವೂ ಇಲ್ಲಿ ಹೇಳತಕ್ಕದ್ದು. ಶಾಖ ಸರಾಗವಾಗಿ ಹರಿಯುವ ಸಿಲಿಕಾನ್ ಕಾರ್ಬೈಡ್ ಬಗೆಯ ವಸ್ತುವಿನಿಂದ ಅದರ ಕನ್ನಡಿ ಮಾಡಬೇಕೆಂದು ಮೊದಲು ಯೋಚಿಸಿದ್ದರು. ಅಷ್ಟು ದೊಡ್ಡ ಗಾತ್ರದಲ್ಲಿ ಅದು ಕೈಗೂಡಲಿಲ್ಲ, ವರ್ಷಗಳು ಉರುಳಿದವು. ಕೊನೆಗೆ ಜೆರೋಡುರ್‌ಗೇ ಮರಳಿ, ಅದರ ಹಿಂಬದಿಯಲ್ಲಿ ಜೇನುಹಟ್ಟಿನಂತೆ ಗೂಡುಗಳನ್ನು ಕೊರೆದು, ಪ್ರತಿ ಗೂಡಿಗೂ ತಣ್ಣನೆಯ ಗಾಳಿ ಊದುವ ಏರ್ಪಾಟು ಮಾಡಿದರು.

ಸೂರ್ಯನ ಮನೆಯಲ್ಲಿ ಮಂಜುಗಡ್ಡೆ

ಈ ಎಲ್ಲ ಪಾಠಗಳೂ ಒಂದೆಡೆ ಸೇರಿದ್ದು ಹವಾಯಿ ದ್ವೀಪಸಮೂಹದ ಮಾವಿ ದ್ವೀಪದಲ್ಲಿ. ಅಲ್ಲಿನ 3,000 ಮೀಟರ್ ಎತ್ತರದ ಜ್ವಾಲಾಮುಖಿ ಪರ್ವತದ ಹೆಸರು ಹಲೇಅಕಲಾ. ಹವಾಯಿ ಭಾಷೆಯಲ್ಲಿ ಹಾಗೆಂದರೆ ಸೂರ್ಯನ ಮನೆ. ಮಾವಿ ಎಂಬ ವೀರ ಅಲ್ಲಿ ಹೊಂಚುಹಾಕಿ, ಓಡುವ ಸೂರ್ಯನಿಗೆ ಪಾಶ ಬೀಸಿ, ಹಗಲು ದೀರ್ಘವಾಗುವಂತೆ ಮಾಡಿದನೆಂದು ಅವರ ಪುರಾಣ. ಆ ಶಿಖರ ಮೂಲ ನಿವಾಸಿಗಳಿಗೆ ಪವಿತ್ರ. ದೂರದರ್ಶಕ ಅಲ್ಲಿ ಬೇಡವೆಂದು ಅವರಲ್ಲಿ ಅನೇಕರು 2015ರಲ್ಲೂ 2017ರಲ್ಲೂ ದಾರಿಗಡ್ಡ ನಿಂತು ಬಂಧನಕ್ಕೊಳಗಾದರು. ಆ ನೋವನ್ನು ಮರೆಮಾಚಿ ಈ ಕಥೆ ಹೇಳುವುದು ತರವಲ್ಲ.

ಡೇನಿಯಲ್ ಇನೌಯೆ ಅವರ ಹೆಸರಿನ ಈ ದೂರದರ್ಶಕದ ಕನ್ನಡಿಯ ಕೆಲಸದ ಅಗಲ 4 ಮೀಟರ್, ದಪ್ಪ ಕೇವಲ 75 ಮಿಲಿಮೀಟರಿನಷ್ಟು, ಎಂದರೆ 3 ಅಂಗುಲ. ಹೇಲ್ ಅವರ ಪುಟ್ಟ ಕನ್ನಡಿಯ ದಪ್ಪದ ಕಾಲುಭಾಗ! ಜೆರೋಡುರ್ ಜರ್ಮನಿಯಲ್ಲಿ ತಯಾರಾಗಿ, ಅರಿಜೋನಾದಲ್ಲಿ ನುಣುಪುಗೊಂಡು, 2017ರಲ್ಲಿ ಬೆಟ್ಟ ಹತ್ತಿತು. ಕನ್ನಡಿಯ ಬೆನ್ನಿಗೆ ತಣ್ಣನೆಯ ಗಾಳಿಯ ಧಾರೆಗಳು ಸತತವಾಗಿ ಬಡಿಯುತ್ತವೆ. ಗುಮ್ಮಟದ ಹೊರಮೈಗೆ ತಣಿಸುವ ಫಲಕಗಳು. ಪಕ್ಕಗಳಲ್ಲಿ ಹೊರಗಾಳಿ ಒಳಹರಿಯಲು ಬಾಗಿಲುಗಳು. ಕನ್ನಡಿ ಕೂಡಿಸಿದ 13 ಕಿಲೋವಾಟ್ ಬೆಳಕು ಬಂದು ಸೇರುವ ಬಿಂದುವಿನಲ್ಲಿ ಲೋಹವೂ ಕರಗೀತು. ಅಲ್ಲಿ ದ್ರವದಿಂದ ತಣಿಸಿದ ತಡೆಯೊಂದನ್ನಿಟ್ಟು, ಸೂರ್ಯಬಿಂಬದ ಬೇಕಾದ ಚಿಕ್ಕ ತುಣುಕನ್ನು ಮಾತ್ರ ಮುಂದಕ್ಕೆ ಬಿಟ್ಟು, ಉಳಿದ ಬೆಂಕಿಯನ್ನೆಲ್ಲ ಅಲ್ಲೇ ತಡೆಯುತ್ತಾರೆ. ಇಷ್ಟಕ್ಕೆಲ್ಲ ತಂಪು ಬರುವುದು ಎಲ್ಲಿಂದ? ರಾತ್ರಿ ಈಜುಕೊಳ ತುಂಬುವಷ್ಟು ಮಂಜುಗಡ್ಡೆ ಕಟ್ಟಿಸಿಟ್ಟು, ಹಗಲು ಅದರ ತಂಪನ್ನು 11 ಕಿಲೋಮೀಟರಿಗೂ ಹೆಚ್ಚು ಉದ್ದದ ಕೊಳವೆಗಳಲ್ಲಿ ಹರಿಸುತ್ತಾರೆ.

2019ರ ಡಿಸೆಂಬರಿನಲ್ಲಿ ತೆಗೆದ ಮೊದಲ ಚಿತ್ರಗಳು 2020ರ ಜನವರಿಯಲ್ಲಿ ಪ್ರಕಟವಾದವು. ಕುದಿಯುವ ಸೂರ್ಯನ ಮೈ ಚಿನ್ನದ ಕಾಳುಗಳನ್ನು ಹರಡಿದಂತೆ ಕಂಡಿತು. ಒಂದೊಂದು ಕಾಳೂ ಸಾಧಾರಣ ಸಾವಿರ ಕಿಲೋಮೀಟರ್ ಅಗಲ; ನಮ್ಮ ಕರ್ನಾಟಕ ಪೂರ್ತಿಯಾಗಿ ಅದರೊಳಗೆ ಅಡಗೀತು. ಕಾಳುಗಳ ನಡುವಣ ಸಂದುಗಳಲ್ಲಿ 30 ಕಿಲೋಮೀಟರಿನಷ್ಟು ಸಣ್ಣ ವಿವರಗಳೂ ಗೋಚರಿಸಿದವು. 15 ಕೋಟಿ ಕಿಲೋಮೀಟರ್ ದೂರದಿಂದ ಇದನ್ನು ಕಾಣುವುದೆಂದರೆ, ಮುಂಬಯಿಯಲ್ಲಿ ಕುಳಿತು ಬೆಂಗಳೂರಿನಲ್ಲಿರುವ ಗೇಣುದ್ದದ ವಸ್ತುವನ್ನು ಗುರುತಿಸಿದಂತೆ.

ಇಷ್ಟೆಲ್ಲ ಏತಕ್ಕೆ?

ಸೂರ್ಯನ ಮೈಮೇಲಿನ ಸಣ್ಣ ಸಂದುಗಳನ್ನು ನೋಡಲು ಇಷ್ಟು ಆರ್ಭಟ ಏಕೆ ಎಂದು ಕೇಳುವವರಿರಬಹುದು. 1989ರ ಮಾರ್ಚ್ 13ರಂದು ಸೂರ್ಯನಿಂದ ಹೊರಟ ಕಾಂತಬಿರುಗಾಳಿಯೊಂದು ಭೂಮಿಗೆ ತಾಕಿ, ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುತ್ ಜಾಲ ಕ್ಷಣಮಾತ್ರದಲ್ಲಿ ಕುಸಿಯಿತು. ಸುಮಾರು 60 ಲಕ್ಷ ಜನ ಒಂಬತ್ತು ಗಂಟೆಗಳ ಕಾಲ ಕೊರೆಯುವ ಚಳಿಯಲ್ಲಿ ಕತ್ತಲೆಯಲ್ಲಿ ಕಳೆದರು. ಇಂದು ನಮ್ಮ ಫೋನು, ಬ್ಯಾಂಕು, ವಿಮಾನ, ಹವಾಮಾನದ ಮುನ್ಸೂಚನೆ ಎಲ್ಲವೂ ಉಪಗ್ರಹಗಳನ್ನು ನಂಬಿವೆ. ಇಂಥ ಬಿರುಗಾಳಿಯ ಬೇರು ಸೂರ್ಯನ ಕಾಂತಕ್ಷೇತ್ರದಲ್ಲಿದೆ. ಹೇಲ್ 1908ರಲ್ಲಿ ಕಂಡದ್ದು ಆ ಬೇರನ್ನೇ. ಅದರ ಎಳೆಗಳು ಎಷ್ಟು ತೆಳುವೆಂದರೆ ದೊಡ್ಡ ಕನ್ನಡಿಯಿಲ್ಲದೆ ಕಾಣವು, ತಣ್ಣಗಿಡದ ದೊಡ್ಡ ಕನ್ನಡಿಯಿದ್ದರೂ ಕಾಣವು.

ಕನ್ನಡಿಯನ್ನು ತಣಿಸುವುದರ ಜೊತೆಗೆ ತಣ್ಣನೆಯ ಜಾಗವನ್ನು ಹುಡುಕುವುದೂ ನಡೆದೇ ಇದೆ. ನೀರು ನೆಲದಷ್ಟು ಬೇಗ ಕಾಯುವುದಿಲ್ಲ. ಸರೋವರದ ಮೇಲಿನ ಗಾಳಿ ಹಗಲಿನಲ್ಲೂ ಶಾಂತ. ಕ್ಯಾಲಿಫೋರ್ನಿಯದ ಬಿಗ್ ಬೇರ್ ಸರೋವರದಲ್ಲೂ, 1970ರ ದಶಕದಲ್ಲಿ ಅರವಿಂದ ಭಟ್ನಾಗರ್ ಅವರ ಮುಂದಾಳತ್ವದಲ್ಲಿ ಉದಯಪುರದ ಫತೇಸಾಗರದ ನಡುಗಡ್ಡೆಯಲ್ಲೂ ಸೌರ ವೀಕ್ಷಣಾಲಯಗಳು ನೆಲೆಗೊಂಡದ್ದು ಇದೇ ಕಾರಣಕ್ಕೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯೂ ಲಡಾಖಿನ ಪ್ಯಾಂಗಾಂಗ್ ಸರೋವರದ ದಡದ ಮೆರಾಕ್ ಎಂಬ ಹಳ್ಳಿಯ ಬಳಿ, 4,000 ಮೀಟರಿಗೂ ಮೇಲಿನ ಎತ್ತರದಲ್ಲಿ, 2 ಮೀಟರ್ ಕನ್ನಡಿಯ ರಾಷ್ಟ್ರೀಯ ಬೃಹತ್ ಸೌರ ದೂರದರ್ಶಕವನ್ನು ಯೋಜಿಸಿದೆ. ಆ ಕನ್ನಡಿಯ ಮೇಲೆ ಬೀಳುವ ಬಿಸಿಲು 3 ಕಿಲೋವಾಟಿಗೂ ಹೆಚ್ಚು. ಅದನ್ನು ಹದದಲ್ಲಿಡುವ ವಿದ್ಯೆ ನಮ್ಮ ಎಂಜಿನಿಯರುಗಳಿಗೂ ಬೇಕಾಗುತ್ತದೆ. ಎವರ್ಷೆಡ್ ಕಾಶ್ಮೀರದ ಕಣಿವೆಯಲ್ಲಿ ಹುಡುಕಿದ ಶಾಂತವಾದ ಗಾಳಿಯನ್ನು ನೂರು ವರ್ಷಗಳ ನಂತರ ನಮ್ಮವರು ಅಲ್ಲಿಂದಲೂ ಮೇಲೆ ಹೋಗಿ ಹುಡುಕಿದ್ದಾರೆ.

ಒಟ್ಟಿನಲ್ಲಿ ನೂರಿಪ್ಪತ್ತು ವರ್ಷಗಳ ಈ ಸೆಣಸಾಟದಲ್ಲಿ ಯಾರೂ ಸೂರ್ಯನನ್ನು ಸೋಲಿಸಲಿಲ್ಲ. ಕನ್ನಡಿಯನ್ನು ಅದರ ಸುತ್ತಲಿನ ಗಾಳಿಯೊಡನೆ ಸಮಾಧಾನದಿಂದ ಇರುವಂತೆ ಮಾಡಿದರು, ಅಷ್ಟೆ. ಬರುವ ಬೇಸಿಗೆಯಲ್ಲಿ ಹೋಟಗಿಯಲ್ಲೋ ವಾಡಿಯಲ್ಲೋ ಗಾಡಿ ನಿಂತು, ಹಳಿಗಳ ಮೇಲಿನ ಕುಣಿತವನ್ನು ತೋರಿಸಿ ಮಕ್ಕಳು ‘ಅದೇನದು?’ ಎಂದು ಕೇಳಿದರೆ, ಬಿಸಿಲುಗುದುರೆ ಎಂಬ ನಮ್ಮ ಮಾತನ್ನು ಮೊದಲು ಹೇಳಿಕೊಡಿ. ಆಮೇಲೆ, ಅದೇ ಕುದುರೆಯನ್ನು ಹಿಡಿಯಲು ಒಬ್ಬರು ಪೈನ್ ಮರ ಹತ್ತಿದ್ದನ್ನೂ, ಇನ್ನು ಕೆಲವರು ರಾತ್ರಿಯಿಡೀ ಮಂಜುಗಡ್ಡೆ ಕಟ್ಟಿಸಿಡುವುದನ್ನೂ ಹೇಳಿ. ಗಾಡಿ ಹೊರಡುವ ತನಕ ಅವರು ಬೇಸರಪಡಲಾರರು.